ಮ್ಯಾಗ್ನಿಫೈಯರ್ ಹಾಕಿದರೆ ಸಾಲೇ ಸಿಗುವುದಿಲ್ಲ, ಕನ್ನಡ ಪ್ರೂಫ್ ನೋಡುವುದು ಹೇಗೆ?

ಪ್ರೂಫ್_ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮತ್ತು ಪ್ರೂಫ್ ಕೆಲಸ ಮಾಡುತ್ತೇನೆ. ನನಗೆ ಸ್ಟಾರ್‌ಗಾರ್ಟ್ ಅನ್ನುವ ಕಣ್ಣಿನ ತೊಂದರೆ ಇದೆ. ನೇರವಾಗಿ ಎಲ್ಲಿ ನೋಡುತ್ತೇನೋ ಆ ಜಾಗವೇ ಮಸುಕು, ಅದರ ಸುತ್ತ ಇರುವುದು ಕಾಣುತ್ತದೆ. ಕನ್ನಡಕದಿಂದ ಸರಿಹೋಗುವಂಥದ್ದಲ್ಲ ಅಂತ ಡಾಕ್ಟರು ಹೇಳಿದ್ದಾರೆ.

ಇಷ್ಟು ದಿನ ಮುಖವನ್ನು ಸ್ಕ್ರೀನಿಗೆ ತಾಗುವಷ್ಟು ಹತ್ತಿರ ತಂದುಕೊಂಡು ಹೇಗೋ ನಡೆಸುತ್ತಿದ್ದೆ. ಈಗ ಕತ್ತು ನೋವು ಜಾಸ್ತಿಯಾಗಿದೆ. ಅದಕ್ಕೆ ವಿಂಡೋಸ್ ಜೊತೆಗೇ ಬರುವ ಮ್ಯಾಗ್ನಿಫೈಯರ್ ಹಾಕಿಕೊಂಡೆ. 300%ಗೆ ಇಟ್ಟರೆ ಅಕ್ಷರ ಕಾಣುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಒಂದು ಸಾಲು ಓದುವುದಕ್ಕೆ ಮೌಸನ್ನು ಎಡದಿಂದ ಬಲಕ್ಕೆ ಎಳೆಯುತ್ತಾ ಹೋಗಬೇಕು, ಸಾಲು ಮುಗಿದ ಮೇಲೆ ಮತ್ತೆ ಎಡಕ್ಕೆ ಬರಬೇಕು, ಬರುವಷ್ಟರಲ್ಲಿ ಮುಂದಿನ ಸಾಲಿನ ಬದಲು ಅದರ ಕೆಳಗಿನ ಸಾಲಿಗೆ ಹೋಗಿರುತ್ತೇನೆ. ಸುಮ್ನೆ ಓದುವವರಿಗೆ ಇದು ನಡೆಯಬಹುದು. ಪ್ರೂಫ್ ನೋಡುವವರು ಒಂದು ಸಾಲು ಬಿಟ್ಟರೂ ಅದು ಹಾಗೇ ಅಚ್ಚಾಗಿ ಹೋಗುತ್ತದೆ ಅಲ್ವಾ?

ಇನ್ನೊಂದು, ಒತ್ತಕ್ಷರಗಳು. ‘ವೈಶಿಷ್ಟ್ಯ’, ‘ರಾಷ್ಟ್ರೀಯ’ ಇಂಥ ಕಡೆ ಕೆಳಗಿನ ಒತ್ತುಗಳೆಲ್ಲ ಸೇರಿ ಒಂದೇ ಮುದ್ದೆಯಾಗಿ ಕಾಣುತ್ತವೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಷ, ಇವುಗಳ ನಡುವೆ ಇರುವುದೇ ಒಂದು ಸಣ್ಣ ಗೆರೆಯ ವ್ಯತ್ಯಾಸ. ದೊಡ್ಡದು ಮಾಡಿದಷ್ಟೂ ಆ ಗೆರೆ ಸ್ಪಷ್ಟ ಆಗುವ ಬದಲು ಕಲಸಿಹೋಗುತ್ತದೆ. ಮೌಸಿನ ಬಾಣವಂತೂ ಯಾವಾಗಲೂ ಕಳೆದುಹೋಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ.

ಲ್ಯಾಪ್‌ಟಾಪ್ 15.6 ಇಂಚು, ಫುಲ್ ಎಚ್‌ಡಿ, ವಿಂಡೋಸ್ 11. ಕೆಲಸ ಮುಖ್ಯವಾಗಿ ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ, ಹಳೇ ಗಿರಾಕಿಗಳ ಫೈಲುಗಳು ಇನ್ನೂ ಅದಕ್ಕಿಂತ ಹಳೇ ಪೇಜ್‌ಮೇಕರ್‌ನಲ್ಲಿವೆ, ಲೇಖಕರು ಕಳಿಸುವುದು ವರ್ಡ್‌ನಲ್ಲಿ. ಹೆಚ್ಚಿನದು ನುಡಿ ಅನ್ನುವ ಕನ್ನಡ ಫಾಂಟ್. ನಿಮ್ಮಲ್ಲಿ ಯಾರಾದರೂ ಕಡಿಮೆ ದೃಷ್ಟಿ ಇಟ್ಟುಕೊಂಡು ಇಂಥ ಕೆಲಸ ಮಾಡುತ್ತಿದ್ದರೆ ಹೇಗೆ ಹೊಂದಿಸಿಕೊಂಡಿದ್ದೀರಿ ಅಂತ ದಯವಿಟ್ಟು ಹೇಳಿ. ಈ ಕೆಲಸ ನನಗೆ ತುಂಬಾ ಇಷ್ಟ. ಬಿಡುವ ಯೋಚನೆ ಇಲ್ಲ.

ಕೀಲಿಮಣೆ:

ಮೇಡಂ, ಕಡಿಮೆ ದೃಷ್ಟಿಯವರಿಗೆ ಕಂಪ್ಯೂಟರ್ ಹೇಳಿಕೊಡುವುದೇ ನನ್ನ ಕೆಲಸ. ನೀವು ಬರೆದ ತೊಂದರೆ ನಾನು ತುಂಬಾ ಜನರಲ್ಲಿ ನೋಡಿದ್ದೇನೆ. ಎಲ್ಲರೂ ಮೊದಲು ಕೈ ಹಾಕುವುದು ಮ್ಯಾಗ್ನಿಫೈಯರ್‌ಗೆ. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದದ್ದು.

ಯಾಕೆ ಅಂದರೆ, ಸ್ಕ್ರೀನನ್ನು ದೊಡ್ಡದು ಮಾಡುವುದು ಬೇರೆ, ಅಕ್ಷರವನ್ನು ದೊಡ್ಡದು ಮಾಡುವುದು ಬೇರೆ. ಮ್ಯಾಗ್ನಿಫೈಯರ್ ಮಾಡುವುದು ಮೊದಲನೆಯದನ್ನು. ಅದು ಸ್ಕ್ರೀನಿನ ಮೇಲೆ ಆಗಲೇ ಮೂಡಿರುವ ಚುಕ್ಕಿಗಳನ್ನು ಹಿಗ್ಗಿಸುತ್ತದೆ, ಅಷ್ಟೇ. 12 ಪಾಯಿಂಟಿನ ಒತ್ತಕ್ಷರಕ್ಕೆ ಸ್ಕ್ರೀನಿನಲ್ಲಿ ಸಿಗುವುದೇ ಕೆಲವು ಚುಕ್ಕಿ. ಅದನ್ನು ಮೂರು ಪಟ್ಟು ಹಿಗ್ಗಿಸಿದರೆ ಮೂರು ಪಟ್ಟು ದೊಡ್ಡ ಮುದ್ದೆ ಸಿಗುತ್ತದೆ, ಹೊಸ ಗೆರೆ ಎಲ್ಲಿಂದಲೂ ಬರುವುದಿಲ್ಲ. ಇಂಗ್ಲಿಷಿಗೆ ಇದು ಅಷ್ಟು ಬಾಧಿಸುವುದಿಲ್ಲ, ನಮ್ಮ ಲಿಪಿಗೆ ಬಾಧಿಸುತ್ತದೆ. ಅದೇ ನೀವು ಫಾಂಟಿನ ಗಾತ್ರವನ್ನೋ ವಿಂಡೋಸ್ ಸ್ಕೇಲನ್ನೋ (ಎಲ್ಲವನ್ನೂ ದೊಡ್ಡದಾಗಿ ಬರೆಯುವ ಸೆಟ್ಟಿಂಗ್) ಜಾಸ್ತಿ ಮಾಡಿದರೆ ಕಂಪ್ಯೂಟರ್ ಆ ಅಕ್ಷರವನ್ನು ಹೊಸದಾಗಿ, ಆ ಅಳತೆಗೇ ಬರೆಯುತ್ತದೆ. ಧ ಅಕ್ಷರದ ಕೆಳಗಿನ ಸೀಳು ಅಲ್ಲಿ ನಿಜವಾಗಿ ಕಾಣುತ್ತದೆ.

ಎರಡನೆಯದು, ಜಾಗದ ಲೆಕ್ಕ. 200% ಮಾಡಿದರೆ ನಿಮಗೆ ಕಾಣುವುದು ಸ್ಕ್ರೀನಿನ ನಾಲ್ಕರಲ್ಲಿ ಒಂದು ಭಾಗ. 300%ಗೆ ಒಂಬತ್ತರಲ್ಲಿ ಒಂದು. 400%ಗೆ ಹದಿನಾರರಲ್ಲಿ ಒಂದು. ನೀವು ಸಾಲು ತಪ್ಪುತ್ತಿರುವುದು ನಿಮ್ಮ ಗಮನ ಸಾಲದೆ ಅಲ್ಲ. ಉಳಿದ ಎಂಟು ಭಾಗ ಕಣ್ಣಿಗೆ ಇಲ್ಲದಿದ್ದರೆ ಯಾರಿಗೇ ಆದರೂ ತಪ್ಪುತ್ತದೆ.

ಹಾಗಾಗಿ ನಾನು ಹೇಳಿಕೊಡುವ ಕ್ರಮ ಹೀಗೆ. ಮೊದಲು ಸ್ಕ್ರೀನು ಮತ್ತು ದೂರ. ಒಂದು 24 ಇಂಚಿನ ಫುಲ್ ಎಚ್‌ಡಿ ಮಾನಿಟರ್ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಎರಡರಲ್ಲೂ ಸ್ಕೇಲ್ ಒಂದೇ ಇಟ್ಟರೆ ಅಕ್ಷರ ಒಂದೂವರೆ ಪಟ್ಟು ಆಗುತ್ತದೆ, 27 ಇಂಚಾದರೆ ಇನ್ನೂ ಸ್ವಲ್ಪ ಜಾಸ್ತಿ. ಮಾನಿಟರ್ ಫುಲ್ ಎಚ್‌ಡಿಯೇ ಇರಲಿ, 4ಕೆ ಬೇಕು ಅಂತ ಇಲ್ಲ. ಅದನ್ನು ಮುಂದಕ್ಕೆ ಹಿಂದಕ್ಕೆ ಎಳೆಯಲು ಬರುವ ಮಾನಿಟರ್ ಆರ್ಮ್‌ಗೆ ಹಾಕಿ. 60 ಸೆಂಟಿಮೀಟರ್ ದೂರದಲ್ಲಿದ್ದುದನ್ನು 30ಕ್ಕೆ ತಂದರೆ ಅಕ್ಷರ ಕಣ್ಣಿಗೆ ಎರಡು ಪಟ್ಟು ದೊಡ್ಡದಾಗುತ್ತದೆ, ಅದೂ ಸ್ಕ್ರೀನಿನ ಒಂದು ಚೂರನ್ನೂ ಕಳೆದುಕೊಳ್ಳದೆ. ನೀವು ಕತ್ತು ಬಗ್ಗಿಸಿ ಮಾಡುತ್ತಿದ್ದುದೂ ಇದನ್ನೇ, ಕತ್ತಿನ ಬದಲು ಸ್ಕ್ರೀನು ಹತ್ತಿರ ಬರಲಿ. ಹತ್ತಿರದಿಂದ ಸ್ಕ್ರೀನ್ ನೋಡಿದರೆ ಕಣ್ಣು ಹಾಳಾಗುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ, ನಿಮ್ಮ ಕಾಯಿಲೆ ಅದರಿಂದ ಹೆಚ್ಚುವುದಿಲ್ಲ. ಅಷ್ಟು ಹತ್ತಿರಕ್ಕೆ ಕಣ್ಣು ಹೊಂದಿಕೊಳ್ಳಲು ಆಯಾಸ ಆದರೆ ಆ ದೂರಕ್ಕೆ ಅಂತಲೇ ಒಂದು ಕನ್ನಡಕ ಬರೆಸಿಕೊಳ್ಳಿ. 33 ಸೆಂಟಿಮೀಟರಿಗೆ ಸುಮಾರು +3 ಬೇಕಾಗುತ್ತದೆ, ಅದನ್ನು ಲೋ ವಿಷನ್ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಯೇ ಕೊಡುತ್ತಾರೆ.

ಆಮೇಲೆ ವಿಂಡೋಸ್ ಸ್ಕೇಲ್. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಲ್ಲಿ ಸ್ಕೇಲ್ ಅಂತ ಇದೆ. 150%ಗೆ ಇಡಿ. ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ 200% ದಾಟಿದರೆ ಕೆಲವು ಕಿಟಕಿಗಳ ‘ಓಕೆ’ ಬಟನ್ ಕೆಳಗೆ ಸ್ಕ್ರೀನಿನಿಂದಾಚೆ ಹೋಗಿಬಿಡುತ್ತದೆ, ಅದಕ್ಕೇ 150 ಅಂದೆ. ಮೆನು ಅಕ್ಷರ ಇನ್ನೂ ಬೇಕಾದರೆ ವಿಂಡೋಸ್ ಕೀ ಜೊತೆ ಯು ಒತ್ತಿ, ಆಕ್ಸೆಸಿಬಿಲಿಟಿ ಪುಟ ತೆರೆಯುತ್ತದೆ. ಅಲ್ಲಿ ಟೆಕ್ಸ್ಟ್ ಸೈಜ್ 225%ವರೆಗೆ ಏರಿಸಬಹುದು. ಅದೇ ಪುಟದಲ್ಲಿ ಮೌಸ್ ಪಾಯಿಂಟರ್ ಇದೆ. ಅದನ್ನು ದೊಡ್ಡದು ಮಾಡಿ, ಹಳದಿಯೋ ಗುಲಾಬಿಯೋ ಬಣ್ಣ ಕೊಡಿ. ಟೆಕ್ಸ್ಟ್ ಕರ್ಸರ್ ಇಂಡಿಕೇಟರ್ ಹಾಕಿ, ಟೈಪ್ ಮಾಡುವ ಗೀಟಿನ ಮೇಲೆ ಕೆಳಗೆ ಬಣ್ಣದ ಗುಂಡು ಬರುತ್ತದೆ. ಮೌಸ್ ಪ್ರಾಪರ್ಟೀಸ್‌ನಲ್ಲಿ ಕಂಟ್ರೋಲ್ ಕೀ ಒತ್ತಿದರೆ ಬಾಣ ಎಲ್ಲಿದೆ ಅಂತ ವೃತ್ತ ತೋರಿಸುವ ಸೌಲಭ್ಯ ಇದೆ, ಅದಕ್ಕೂ ಟಿಕ್ ಹಾಕಿ. ಬಾಣ ಕಳೆದುಹೋಗುವ ತೊಂದರೆ ಇಷ್ಟಕ್ಕೇ ಮುಕ್ಕಾಲು ಪಾಲು ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಕಾಣದಿದ್ದರೆ ಆಗ ಮ್ಯಾಗ್ನಿಫೈಯರ್. ಆಗ ನಿಮಗೆ 300% ಬೇಕಾಗುವುದಿಲ್ಲ, ಬಹುಶಃ 150 ಸಾಕಾಗುತ್ತದೆ. ಮೊದಲಿಗೆ ಅದು ಒಂದು ಸಲಕ್ಕೆ 100% ಹಾರುತ್ತದೆ. ವಿಂಡೋಸ್, ಕಂಟ್ರೋಲ್, ಎಮ್ ಒತ್ತಿ ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಹೆಜ್ಜೆಯನ್ನು 25%ಗೆ ಇಳಿಸಿ. ಮೌಸ್ ಪಾಯಿಂಟರ್ ‘ಸ್ಕ್ರೀನಿನ ಅಂಚಿನೊಳಗೆ’ ಇರಲಿ ಅನ್ನುವುದನ್ನು ಆರಿಸಿ. ‘ನಡುವೆ’ ಅಂತ ಇಟ್ಟರೆ ಮೌಸ್ ಅಲುಗಿದಾಗಲೆಲ್ಲ ಇಡೀ ಸ್ಕ್ರೀನು ಅಲುಗುತ್ತದೆ. ನಿಮ್ಮ ತಲೆಸುತ್ತಿಗೆ ಅದೇ ಕಾರಣ ಇರಬಹುದು.

ಸಾಲಿನ ತೊಂದರೆಗೆ ಒಂದು ಉಪಾಯ. ಸಾಲು ಕಿಟಕಿಗಿಂತ ಉದ್ದ ಇರಬಾರದು. ವರ್ಡ್‌ನಲ್ಲಿ ವ್ಯೂ ಮೆನುವಿಗೆ ಹೋಗಿ ವೆಬ್ ಲೇಔಟ್ ಆರಿಸಿ. ಆಗ ಸಾಲುಗಳು ಕಾಗದದ ಅಗಲಕ್ಕಲ್ಲ, ಕಿಟಕಿಯ ಅಗಲಕ್ಕೆ ಮುರಿಯುತ್ತವೆ. ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿ ಎಷ್ಟು ದೊಡ್ಡದು ಮಾಡಿದರೂ ಪಕ್ಕಕ್ಕೆ ಎಳೆಯುವ ಕೆಲಸ ಇಲ್ಲ, ಕೆಳಗೆ ಹೋದರೆ ಸಾಕು. ಮ್ಯಾಗ್ನಿಫೈಯರ್ 200% ಹಾಕಲೇಬೇಕಾದರೆ ವಿಂಡೋಸ್ ಕೀ ಜೊತೆ ಎಡ ಬಾಣ ಒತ್ತಿ ಕಿಟಕಿಯನ್ನು ಅರ್ಧ ಸ್ಕ್ರೀನಿಗೆ ಇಳಿಸಿ. ಅರ್ಧ ಅಗಲದ ಕಿಟಕಿ ಎರಡು ಪಟ್ಟಾದಾಗ ಸ್ಕ್ರೀನಿಗೆ ಸರಿಯಾಗಿ ಕೂರುತ್ತದೆ.

ಶಿರಸಿ_ಕಡೆಯವ:

ಮೇಲಿನವರು ಹೇಳಿದ್ದು ಸರಿಯಾಗಿದೆ. ಆದರೆ ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು ಸೇರಿಸಬೇಕು. ಎಲ್ಲರ ಕಡಿಮೆ ದೃಷ್ಟಿಯೂ ಒಂದೇ ಥರ ಅಲ್ಲ.

ನನಗೆ ಇರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಇರುಳುಗುರುಡು ಅಂತ ಶುರುವಾಯಿತು, ಆಮೇಲೆ ಸುತ್ತಲಿನ ನೋಟ ಕಡಿಮೆಯಾಗುತ್ತಾ ಬಂತು. ಈಗ ನನಗೆ ನಡುವೆ ಮಾತ್ರ ಕಾಣುತ್ತದೆ, ಕೊಳವೆಯಲ್ಲಿ ನೋಡಿದ ಹಾಗೆ. ಮೇಡಂಗೆ ಎಲ್ಲಿ ಕಾಣುವುದಿಲ್ಲವೋ ನನಗೆ ಅಲ್ಲೇ ಕಾಣುತ್ತದೆ. ನನಗೆ ಅಕ್ಷರವನ್ನು ದೊಡ್ಡದು ಮಾಡಿಕೊಟ್ಟರೆ ತೊಂದರೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. 400% ಮಾಡಿದರೆ ಒಂದು ಪದದ ಅರ್ಧ ಮಾತ್ರ ನನ್ನ ನೋಟದೊಳಗೆ ಬರುತ್ತದೆ. ಆಫೀಸಿನಲ್ಲಿ ಒಳ್ಳೆಯ ಮನಸ್ಸಿನಿಂದಲೇ ದೊಡ್ಡ ಮಾನಿಟರ್ ತಂದುಕೊಟ್ಟಿದ್ದರು, ನಾನು ಅದರ ಮೂಲೆಗಳನ್ನು ಹುಡುಕುವುದರಲ್ಲೇ ಸುಸ್ತಾಗುತ್ತಿದ್ದೆ. ಈಗ ಸಣ್ಣ ಸ್ಕ್ರೀನು, ಸ್ಕೇಲ್ 125%, ಸ್ವಲ್ಪ ಹಿಂದೆ ಸರಿದು ಕೂರುತ್ತೇನೆ. ನನಗೆ ಬೇಕಾಗಿರುವುದು ಗಾತ್ರ ಅಲ್ಲ, ಕಾಂಟ್ರಾಸ್ಟ್. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ದಪ್ಪ ಬಾಣ.

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೂ ಇವೆರಡನ್ನು ಬೇರೆ ಬೇರೆಯಾಗಿ ಹೇಳಿದ್ದಾರೆ. ಕನ್ನಡಕ ಹಾಕಿದ ಮೇಲೂ ಒಳ್ಳೆಯ ಕಣ್ಣಿನ ದೃಷ್ಟಿ 6/18 (ಬೇರೆಯವರಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದ ಕಾಣುವಷ್ಟು) ದಾಟದೆ 3/60ವರೆಗೆ ಇದ್ದರೆ ಅದು ಕಡಿಮೆ ದೃಷ್ಟಿ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿವರೆಗೆ ಇದ್ದರೆ ಅದೂ ಕಡಿಮೆ ದೃಷ್ಟಿಯೇ. ಮೊದಲನೆಯವರಿಗೆ ಹಿಗ್ಗಿಸುವುದು ಔಷಧಿ, ಎರಡನೆಯವರಿಗೆ ಅದು ಅಡ್ಡಿ. ಗ್ಲಾಕೋಮಾ ಮುಂದುವರಿದವರಿಗೂ ನನ್ನ ಹಾಗೇ ಆಗುತ್ತದೆ. ಆದ್ದರಿಂದ ಮನೆಯ ಹಿರಿಯರಿಗೆ ಕಣ್ಣು ಮಂಜು ಅಂತ ಗೊತ್ತಾದ ಕೂಡಲೇ ಮ್ಯಾಗ್ನಿಫೈಯರ್ ಹಾಕಿಕೊಡಬೇಡಿ. ಅವರಿಗೆ ಯಾವ ಭಾಗ ಕಾಣುವುದಿಲ್ಲ ಅಂತ ಮೊದಲು ಕೇಳಿ.

ನಾನು ಮ್ಯಾಗ್ನಿಫೈಯರ್ ಪೂರ್ತಿ ಬಿಟ್ಟಿಲ್ಲ. ಲೆನ್ಸ್ ಅನ್ನುವ ಬಗೆ ಇದೆ, ಕಂಟ್ರೋಲ್, ಆಲ್ಟ್, ಎಲ್ ಒತ್ತಿದರೆ ಬಾಣದ ಸುತ್ತ ಒಂದು ಚೌಕ ಮಾತ್ರ ದೊಡ್ಡದಾಗುತ್ತದೆ. ಫೋಟೋ ಕೆಳಗಿನ ಸಣ್ಣ ಅಕ್ಷರ, ಒಟಿಪಿ, ಕ್ಯಾಪ್ಚಾ, ಇಂಥದ್ದಕ್ಕೆ ಒಂದು ಕ್ಷಣ ಹಾಕಿ ತೆಗೆಯುತ್ತೇನೆ. ತೆಗೆಯುವುದಕ್ಕೆ ವಿಂಡೋಸ್ ಮತ್ತು ಎಸ್ಕೇಪ್.

ಪ್ರೂಫ್_ಶಿವಮೊಗ್ಗ:

ಇಬ್ಬರಿಗೂ ತುಂಬಾ ಧನ್ಯವಾದ. ವರ್ಡ್‌ನಲ್ಲಿ ವೆಬ್ ಲೇಔಟ್ ಹಾಕಿ ನೋಡಿದೆ. ಸಾಲು ಕೈತಪ್ಪುತ್ತಿಲ್ಲ! ‘ವೈಶಿಷ್ಟ್ಯ’ದ ಎರಡೂ ಒತ್ತು ಬಿಡಿಬಿಡಿಯಾಗಿ ಕಾಣುತ್ತಿವೆ. ಬಾಣಕ್ಕೆ ಗುಲಾಬಿ ಬಣ್ಣ ಕೊಟ್ಟಿದ್ದೇನೆ. ಮಾನಿಟರ್ ಬಗ್ಗೆ ಮಾಲೀಕರ ಹತ್ತಿರ ಮಾತಾಡುತ್ತೇನೆ.

ಶಿರಸಿ ಸರ್, ನಮ್ಮ ಅಜ್ಜಿಗೆ ಗ್ಲಾಕೋಮಾ ಇತ್ತು, ಅವರು ದೊಡ್ಡ ಅಕ್ಷರದ ಪುಸ್ತಕ ಕೊಟ್ಟರೆ ಯಾಕೆ ಬೇಡ ಅನ್ನುತ್ತಿದ್ದರು ಅಂತ ಈಗ ಅರ್ಥವಾಯಿತು.

ಆದರೆ ಇನ್‌ಡಿಸೈನ್‌ನಲ್ಲಿ ಏನು ಮಾಡಲಿ? ಅಲ್ಲಿ ಪುಟ ಅಂದರೆ ಪುಟವೇ. ಝೂಮ್ ಮಾಡಿದರೆ ಅಕ್ಷರ ಸ್ಪಷ್ಟ ಇರುತ್ತದೆ, ಆದರೆ ಸಾಲು ಮುರಿಯುವುದಿಲ್ಲ, ಮತ್ತೆ ಅದೇ ಎಡ ಬಲ ಓಡಾಟ. ಕೊನೇ ತಿದ್ದುಪಡಿಗಳೆಲ್ಲ ಅಲ್ಲೇ ಆಗಬೇಕು.

ಹಳೇ_ಅಚ್ಚುಕೂಟ:

ತಂಗೀ, ಅಚ್ಚುಮೊಳೆ ಕಾಲದಿಂದ ಪ್ರೆಸ್ಸಿನಲ್ಲೇ ಇದ್ದವನು ನಾನು. ನಿನಗೆ ಬೇಕಾಗಿರುವುದು ಇನ್‌ಡಿಸೈನ್‌ನ ಒಳಗೇ ಇದೆ. ಅದರ ಹೆಸರು ಸ್ಟೋರಿ ಎಡಿಟರ್. ತುಂಬಾ ಜನ ಡಿಟಿಪಿಯವರು ಅದನ್ನು ತೆರೆದೇ ನೋಡಿರುವುದಿಲ್ಲ.

ಪಠ್ಯದ ಚೌಕಟ್ಟಿನೊಳಗೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ವೈ ಒತ್ತು. ಬೇರೆ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ಪುಟವಿನ್ಯಾಸ ಇಲ್ಲ, ಚಿತ್ರ ಇಲ್ಲ, ಅಂಕಣ ಇಲ್ಲ. ಬರೀ ಪಠ್ಯ. ಸಾಲುಗಳು ಆ ಕಿಟಕಿಯ ಅಗಲಕ್ಕೆ ತಾವೇ ಮುರಿದುಕೊಳ್ಳುತ್ತವೆ. ಒಂದು ಲೇಖನ ಹತ್ತು ಪುಟಕ್ಕೆ ಹರಿದಿದ್ದರೂ ಇಲ್ಲಿ ಒಂದೇ ಉದ್ದಕ್ಕೆ ಸಿಗುತ್ತದೆ, ‘ಮುಂದುವರಿದಿದೆ’ ಅಂತ ಪುಟ ಹುಡುಕುವ ಕೆಲಸ ಇಲ್ಲ. ಇಲ್ಲಿ ತಿದ್ದಿದ್ದು ಪುಟದಲ್ಲೂ ತಿದ್ದುಪಡಿ ಆಗುತ್ತದೆ.

ಅಕ್ಷರದ ಗಾತ್ರ ಬೇಕಾದಷ್ಟು ಇಟ್ಟುಕೊಳ್ಳಬಹುದು. ಅದು ಸ್ಕ್ರೀನಿಗೆ ಮಾತ್ರ, ಅಚ್ಚಾಗುವ ಗಾತ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಎಡಿಟ್ ಮೆನು, ಪ್ರಿಫರೆನ್ಸಸ್, ಸ್ಟೋರಿ ಎಡಿಟರ್ ಡಿಸ್‌ಪ್ಲೇ. ಅಲ್ಲಿ ಫಾಂಟ್, ಗಾತ್ರ, ಸಾಲಿನ ಅಂತರ, ಅಕ್ಷರದ ಬಣ್ಣ, ಹಿನ್ನೆಲೆ ಬಣ್ಣ, ಕರ್ಸರ್ ದಪ್ಪ ಎಲ್ಲ ಇದೆ. 24 ಪಾಯಿಂಟಿನಿಂದ ಶುರು ಮಾಡಿ ನಿನ್ನ ಕಣ್ಣಿಗೆ ಹಿಡಿಸುವವರೆಗೆ ಏರಿಸು. ಸಾಲಿನ ಅಂತರ 150% ಇಡು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿ ಮತ್ತೆ ಗೊಂದಲ. ಕರ್ಸರ್ ‘ಬ್ಲಾಕ್’ ಅಂತ ಆರಿಸು.

ಒಂದು ವಿಷಯ ಮಾತ್ರ ಮರೆಯಬೇಡ. ಸ್ಟೋರಿ ಎಡಿಟರ್ ಎಲ್ಲವನ್ನೂ ಒಂದೇ ಫಾಂಟಿನಲ್ಲಿ ತೋರಿಸುತ್ತದೆ. ಹಳೇ ನುಡಿ ಫಾಂಟಿನ ಪಠ್ಯದಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟು ಅದಕ್ಕೆ ಕನ್ನಡದ ರೂಪ ಕೊಟ್ಟಿರುತ್ತದೆ. ಅಲ್ಲಿ ಬೇರೆ ಫಾಂಟ್ ಇದ್ದರೆ ಪಠ್ಯವೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಅದನ್ನು ನೋಡಿ ಹೆದರಿ ಮುಚ್ಚಿದವರೇ ಜಾಸ್ತಿ. ಪ್ರಿಫರೆನ್ಸಸ್‌ನಲ್ಲಿ ಅದೇ ನುಡಿ ಫಾಂಟನ್ನು ಆರಿಸಿದರೆ ಕನ್ನಡ ಬರುತ್ತದೆ. ಆಗ ಮಧ್ಯದಲ್ಲಿ ಇಂಗ್ಲಿಷ್ ಪದ ಇದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಕಾಣುತ್ತದೆ, ಅದನ್ನು ಮುಟ್ಟಬೇಡ, ಪುಟದಲ್ಲಿ ಅದು ಸರಿಯಾಗೇ ಇರುತ್ತದೆ. ಯೂನಿಕೋಡ್, ಅಂದರೆ ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಇರುವ ಫೈಲಾದರೆ ಈ ಗೋಜೇ ಇಲ್ಲ.

ಎಡಗಡೆ ಸ್ಟೈಲುಗಳ ಹೆಸರಿನ ಒಂದು ಪಟ್ಟಿ ಬರುತ್ತದೆ. ಅದು ಸುಮ್ನೆ ಜಾಗ ತಿನ್ನುತ್ತದೆ, ವ್ಯೂ ಮೆನುವಿನಲ್ಲಿ ಮುಚ್ಚಿಬಿಡು.

ಪೇಜ್‌ಮೇಕರ್‌ನಲ್ಲೂ ಇದು ಇದೆ. ಅಲ್ಲಿ ಕಂಟ್ರೋಲ್ ಮತ್ತು ಇ. ಅದರ ಫಾಂಟ್ ಮತ್ತು ಗಾತ್ರ ಫೈಲ್ ಮೆನುವಿನ ಪ್ರಿಫರೆನ್ಸಸ್, ಜನರಲ್, ‘ಮೋರ್’ ಬಟನ್ ಒತ್ತಿದರೆ ಸಿಗುತ್ತದೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಇವತ್ತಿನ ಸ್ಕೇಲಿಂಗ್ ಅದಕ್ಕೆ ಗೊತ್ತಿಲ್ಲ, ಆದ್ದರಿಂದ 150% ಸ್ಕೇಲಿನಲ್ಲಿ ಅದರ ಮೆನುಗಳು ಮಸುಕಾಗಿ ಕಾಣಬಹುದು. ಅದರ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ ‘ಸಿಸ್ಟಮ್ ಎನ್‌ಹಾನ್ಸ್‌ಡ್’ ಹಾಕಿ ನೋಡು.

ಸಾಲಿನ ಕೊನೆಯಲ್ಲಿ ಪದ ಎಲ್ಲಿ ಒಡೆದಿದೆ, ಕೊನೇ ಸಾಲಿನಲ್ಲಿ ಒಂದೇ ಅಕ್ಷರ ಉಳಿದಿದೆಯೇ, ಇಂಥದ್ದು ಸ್ಟೋರಿ ಎಡಿಟರಿನಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಪುಟವನ್ನೇ ನೋಡಬೇಕು. ಆದರೆ ಆಗ ನೀನು ಪ್ರತಿ ಅಕ್ಷರ ಓದಬೇಕಿಲ್ಲ, ಬಲಗಡೆ ಅಂಚನ್ನು ಮೇಲಿನಿಂದ ಕೆಳಗೆ ನೋಡಿಕೊಂಡು ಬಂದರೆ ಸಾಕು.

ಕೇಳಿ_ಓದುವವಳು:

ಅಕ್ಕ, ನಾನು ಒಂದು ಪ್ರಕಾಶನದಲ್ಲಿ ಕೆಲಸ ಮಾಡುತ್ತೇನೆ, ನನ್ನ ದೃಷ್ಟಿ ನಿಮ್ಮದಕ್ಕಿಂತ ಕಡಿಮೆ. ಎಲ್ಲರೂ ಕಾಣುವ ಬಗ್ಗೆಯೇ ಹೇಳಿದ್ದಾರೆ, ನಾನು ಕೇಳುವ ಬಗ್ಗೆ ಹೇಳುತ್ತೇನೆ. ಪ್ರೂಫಿಗೆ ಕಿವಿ ತುಂಬಾ ಒಳ್ಳೆಯ ಸಹಾಯಕ. ಪದ ಬಿಟ್ಟುಹೋಗಿರುವುದು, ಒಂದೇ ಪದ ಎರಡು ಸಲ ಬಂದಿರುವುದು, ಕ್ರಿಯಾಪದ ಕರ್ತೃವಿಗೆ ಹೊಂದದೆ ಇರುವುದು, ಇವೆಲ್ಲ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ. ಕಣ್ಣಿಗೆ ಅಷ್ಟು ದುಡಿಮೆ ತಪ್ಪುತ್ತದೆ.

ಎನ್‌ವಿಡಿಎ ಅಂತ ಉಚಿತ ಸ್ಕ್ರೀನ್ ರೀಡರ್ ಇದೆ, ಸ್ಕ್ರೀನಿನಲ್ಲಿ ಇರುವುದನ್ನು ಓದಿ ಹೇಳುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ, ಕಣ್ಣು ಕಾಣದ ಒಬ್ಬ ಯುವಕ ಶುರು ಮಾಡಿದ್ದು. ಅದರ ಜೊತೆಗೆ ಬರುವ ಈಸ್ಪೀಕ್ ಧ್ವನಿಯಲ್ಲಿ ಕನ್ನಡ ಇದೆ. ಧ್ವನಿ ಯಂತ್ರದ ಥರ ಇರುತ್ತದೆ, ಆದರೆ ವೇಗವಾಗಿ ಕೇಳಿದರೂ ಸ್ಪಷ್ಟ. ಬಾಣದ ಕೀ ಒತ್ತುತ್ತಾ ಒಂದೊಂದೇ ಅಕ್ಷರ ಕೇಳಬಹುದು. ಮ್ಯಾಗ್ನಿಫೈಯರ್ ಜೊತೆಗೇ ಓಡಿಸಬಹುದು, ಒಂದಕ್ಕೊಂದು ಜಗಳ ಇಲ್ಲ. ಮನುಷ್ಯರ ಥರ ಧ್ವನಿ ಬೇಕಾದರೆ ಪಠ್ಯವನ್ನು ಎಡ್ಜ್ ಬ್ರೌಸರಿನಲ್ಲಿ ತೆರೆದು ಕಂಟ್ರೋಲ್, ಶಿಫ್ಟ್, ಯು ಒತ್ತಿ. ಧ್ವನಿಗಳ ಪಟ್ಟಿಯಲ್ಲಿ ಸಪ್ನಾ, ಗಗನ್ ಅಂತ ಎರಡು ಕನ್ನಡ ಧ್ವನಿಗಳಿವೆ. ಅದಕ್ಕೆ ಇಂಟರ್ನೆಟ್ ಬೇಕು.

ಹಳೇ ನುಡಿ ಪಠ್ಯವನ್ನು ಯಾವ ಧ್ವನಿಯೂ ಓದುವುದಿಲ್ಲ. ಮೇಲೆ ಅಣ್ಣ ಹೇಳಿದ ಕಾರಣವೇ, ಅದರೊಳಗೆ ಇರುವುದು ಇಂಗ್ಲಿಷ್ ಸಂಕೇತ. ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಿಸಿದಾಗ ಅರ್ಕಾವತ್ತು ಕೆಲವೊಮ್ಮೆ ಜಾಗ ತಪ್ಪುತ್ತದೆ. ಆದ್ದರಿಂದ ಆ ಪ್ರತಿಯನ್ನು ಕೇಳುವುದಕ್ಕೆ ಮಾತ್ರ ಇಟ್ಟುಕೊಳ್ಳಿ, ತಿದ್ದುವುದು ಮೂಲ ಫೈಲಿನಲ್ಲೇ ಇರಲಿ. ಶ ಮತ್ತು ಷ ವ್ಯತ್ಯಾಸವನ್ನು ಕಿವಿ ನಂಬಿ ಬಿಡಬೇಡಿ. ಅದಕ್ಕೆ ಕಣ್ಣೇ ಬೇಕು.

ಪ್ರೂಫ್_ಶಿವಮೊಗ್ಗ:

ಅಣ್ಣಾ, ಸ್ಟೋರಿ ಎಡಿಟರ್ ತೆರೆದೆ. ಇಷ್ಟು ವರ್ಷ ಇನ್‌ಡಿಸೈನ್ ಬಳಸುತ್ತಿದ್ದರೂ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. 30 ಪಾಯಿಂಟ್ ಇಟ್ಟುಕೊಂಡಿದ್ದೇನೆ, ನುಡಿ ಫಾಂಟ್ ಆರಿಸಿದ ಮೇಲೆ ಎಲ್ಲ ಸರಿಯಾಗಿ ಬಂತು. ಮ್ಯಾಗ್ನಿಫೈಯರ್ ಇಲ್ಲದೆಯೇ ಒಂದು ಇಡೀ ಅಧ್ಯಾಯ ನೋಡಿದೆ. ಎಷ್ಟು ಧನ್ಯವಾದ ಹೇಳಿದರೂ ಸಾಲದು. ತಂಗೀ, ಕೇಳಿ ಓದುವುದನ್ನೂ ಶುರು ಮಾಡುತ್ತೇನೆ, ಯೂನಿಕೋಡಿನಲ್ಲಿ ಬರುವ ಪುಸ್ತಕಗಳಿಂದ.

ಇನ್ನು ಎರಡು ಪ್ರಶ್ನೆ. ಬಿಳಿ ಹಿನ್ನೆಲೆ ಕಣ್ಣಿಗೆ ಚುಚ್ಚುತ್ತದೆ, ಸಂಜೆ ಹೊತ್ತಿಗೆ ತಡೆಯುವುದಕ್ಕೇ ಆಗುವುದಿಲ್ಲ. ಮತ್ತೆ ಝೂಮ್‌ಟೆಕ್ಸ್ಟ್ ಅಂತ ದುಡ್ಡು ಕೊಟ್ಟು ತಗೊಳ್ಳುವ ಸಾಫ್ಟ್‌ವೇರ್ ಇದೆಯಂತೆ. ಅದನ್ನು ತಗೊಂಡರೆ ಇನ್ನೂ ಅನುಕೂಲವೇ?

ಕೀಲಿಮಣೆ:

ಮೇಡಂ, ಸ್ಟಾರ್‌ಗಾರ್ಟ್ ಇರುವವರಿಗೆ ಬೆಳಕು ಚುಚ್ಚುವುದು ಸಾಮಾನ್ಯ. ಸ್ಟೋರಿ ಎಡಿಟರಿನ ಅದೇ ಪ್ರಿಫರೆನ್ಸಸ್‌ನಲ್ಲಿ ಥೀಮ್ ಅಂತ ಇದೆ ನೋಡಿ, ಅದರಲ್ಲಿ ‘ಆಂಬರ್ ಮಾನೋಕ್ರೋಮ್’ ಆರಿಸಿ. ಕಪ್ಪಿನ ಮೇಲೆ ಜೇನಿನ ಬಣ್ಣದ ಅಕ್ಷರ ಬರುತ್ತದೆ. ವರ್ಡಿಗೆ ಮತ್ತು ಉಳಿದ ಕಿಟಕಿಗಳಿಗೆ ವಿಂಡೋಸಿನ ಕಾಂಟ್ರಾಸ್ಟ್ ಥೀಮ್ ಹಾಕಿ, ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ಪ್ರಿಂಟ್ ಸ್ಕ್ರೀನ್ ಮೂರೂ ಒಟ್ಟಿಗೆ ಒತ್ತಿದರೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಹೋಗುತ್ತದೆ. ಇನ್‌ಡಿಸೈನ್ ಪುಟದ ಬಿಳಿ ಕಾಗದ ಅದಕ್ಕೆ ಬಗ್ಗುವುದಿಲ್ಲ. ಅಲ್ಲಿ ಮ್ಯಾಗ್ನಿಫೈಯರ್ ತೆರೆದು, 100%ಗೇ ಇಟ್ಟು, ಕಂಟ್ರೋಲ್, ಆಲ್ಟ್, ಐ ಒತ್ತಿ. ಇಡೀ ಸ್ಕ್ರೀನಿನ ಬಣ್ಣ ತಿರುಗುಮುರುಗಾಗುತ್ತದೆ. ಹಿಗ್ಗಿಸದೆ ಬಣ್ಣಕ್ಕಾಗಿಯೇ ಮ್ಯಾಗ್ನಿಫೈಯರ್ ಬಳಸುವವರು ತುಂಬಾ ಇದ್ದಾರೆ. ಆಗ ಫೋಟೋಗಳು ನೆಗೆಟಿವ್ ಥರ ಕಾಣುತ್ತವೆ, ಬಣ್ಣದ ಮುಖಪುಟ ಪರಿಶೀಲಿಸುವಾಗ ಮಾತ್ರ ಮರೆಯದೆ ತೆಗೆಯಿರಿ.

ಝೂಮ್‌ಟೆಕ್ಸ್ಟ್ ಒಳ್ಳೆಯ ಸಾಫ್ಟ್‌ವೇರ್, 1980ರ ದಶಕದ ಕೊನೆಯಿಂದ ಇದೆ. ವಿಂಡೋಸಿನ ಮ್ಯಾಗ್ನಿಫೈಯರ್ 16 ಪಟ್ಟಿಗೆ ನಿಲ್ಲುತ್ತದೆ, ಇದು 60 ಪಟ್ಟಿನವರೆಗೆ ಹೋಗುತ್ತದೆ. ಹಿಗ್ಗಿಸಿದ ಅಕ್ಷರದ ಅಂಚನ್ನು ನುಣುಪು ಮಾಡುತ್ತದೆ, ಬಾಣದ ಸುತ್ತ ಅಡ್ಡ ಉದ್ದ ಗೆರೆ ಹಾಕಿಕೊಡುತ್ತದೆ, ಓದಿ ಹೇಳುತ್ತದೆ. ಆದರೆ ಬೆಲೆ ಜಾಸ್ತಿ. ನಿಮಗೆ ಈಗ ಮ್ಯಾಗ್ನಿಫೈಯರೇ ಬೇಡವಾಗುತ್ತಿದೆ ಅಂದಮೇಲೆ ಆ ದುಡ್ಡನ್ನು ಮಾನಿಟರಿಗೆ ಮತ್ತು ಆರ್ಮ್‌ಗೆ ಹಾಕಿ. ಅದು ಎಲ್ಲ ಪ್ರೋಗ್ರಾಮಿನಲ್ಲೂ, ಎಲ್ಲ ಫಾಂಟಿಗೂ ಕೆಲಸ ಮಾಡುತ್ತದೆ. ಮುಂದೆ ಬೇಕೆನಿಸಿದರೆ ಟ್ರಯಲ್ ಹಾಕಿಕೊಂಡು ನಿಮ್ಮದೇ ನುಡಿ ಪುಟವನ್ನು ತೆರೆದು ಒತ್ತಕ್ಷರ ಹೇಗೆ ಕಾಣುತ್ತದೆ ನೋಡಿ, ಆಮೇಲೆ ದುಡ್ಡು ಕೊಡಿ. ಡೆಮೋ ತೋರಿಸುವವರು ಇಂಗ್ಲಿಷ್ ಪುಟವನ್ನೇ ತೋರಿಸುತ್ತಾರೆ.

ಒಂದು ಕೆಲಸ ಮಾತ್ರ ತಪ್ಪಿಸಬೇಡಿ. ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ಲೋ ವಿಷನ್ ಕ್ಲಿನಿಕ್ ಅಂತ ಬೇರೆ ವಿಭಾಗ ಇರುತ್ತದೆ, ಅಲ್ಲಿಗೆ ಒಮ್ಮೆ ಹೋಗಿ. ನಡುವಿನ ಮಸುಕನ್ನು ಪಕ್ಕಕ್ಕೆ ಸರಿಸಿ ಓರೆಯಾಗಿ ನೋಡುವುದನ್ನು ಅಭ್ಯಾಸ ಮಾಡಿಸುತ್ತಾರೆ. ನಿಮ್ಮ ಕಣ್ಣಿಗೆ ಯಾವ ಕಡೆ ಓರೆ ಮಾಡಿದರೆ ಚೆನ್ನ ಅಂತ ಅವರು ಕಂಡುಹಿಡಿದು ಹೇಳುತ್ತಾರೆ. ಅದು ಕೈಗೆ ಹತ್ತಿದರೆ ಕಣ್ಣನ್ನು ಒಂದೇ ಕಡೆ ನಿಲ್ಲಿಸಿ ಪಠ್ಯವನ್ನು ಅದರ ಮುಂದೆ ಸರಿಸಿಕೊಂಡು ಓದಬಹುದು, 30 ಪಾಯಿಂಟನ್ನು ಇಳಿಸಲೂ ಬಹುದು. ಬೆಂಗಳೂರಿಗೆ ಬರುವುದಾದರೆ ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾ ಈ ಎರಡು ಸಂಸ್ಥೆಗಳನ್ನೂ ವಿಚಾರಿಸಿ, ದೃಷ್ಟಿ ತೊಂದರೆ ಇರುವವರಿಗೆ ಕಂಪ್ಯೂಟರ್ ತರಬೇತಿ ಕೊಡುತ್ತಾರೆ.

ಹಳೇ_ಅಚ್ಚುಕೂಟ:

ಮಾನಿಟರ್ ಬಗ್ಗೆ ಒಂದು ಮಾತು ತಂಗೀ. ಹೊಳೆಯುವ ಗಾಜಿನ ಥರದ್ದು ಬೇಡ, ಮ್ಯಾಟ್ ಇರುವುದನ್ನೇ ತಗೋ. ಕಿಟಕಿಗೆ ಬೆನ್ನು ಮಾಡಿ ಕೂರಬೇಡ, ಬೆಳಕೆಲ್ಲ ಸ್ಕ್ರೀನಿಗೆ ಬಡಿಯುತ್ತದೆ. ಕಿಟಕಿಗೆ ಎದುರಾಗಿಯೂ ಬೇಡ, ಅದು ನೇರ ಕಣ್ಣಿಗೇ ಬಡಿಯುತ್ತದೆ. ಕಿಟಕಿ ಪಕ್ಕದಲ್ಲಿ ಬರುವ ಹಾಗೆ ಮೇಜು ತಿರುಗಿಸಿಕೋ. ಮಾಲೀಕರು ಮಾನಿಟರಿಗೆ ಹಿಂದೆ ಮುಂದೆ ನೋಡಿದರೆ ಪ್ರೆಸ್ಸಿನಲ್ಲಿ ಎಲ್ಲಾದರೂ ಹಳೇ 24 ಇಂಚಿನದ್ದು ಧೂಳು ಹಿಡಿದು ಕೂತಿದೆಯೇ ನೋಡು, ಪ್ರೂಫಿಗೆ ಅದು ಧಾರಾಳ ಸಾಕು.